ಹಿಂದಿನ ಓಣಿಯ ಬಾಗಿಲು

ಮುದುಕಿ ತನ್ನ ಎಡ ಮೊಲೆಯ ಕೆಳಗೆ ಬೆರಳಿಟ್ಟು ತೋರಿಸಿದಳು. ಕೂಡಲೇ ಆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಬೇರೆಯವರ ಬೇನೆಯನ್ನು ತನ್ನ ಮೈಮೇಲೆ ತೋರಿಸಿದ ಮೇಲೆ ಹಾಗೆ ಒರೆಸದಿದ್ದರೆ ಅದು ತನಗೇ ಅಂಟುತ್ತದೆಂದು ಅವಳ ನಂಬಿಕೆ.

ಬೇನೆ ಅವಳ ಸೊಸೆಯದು. ಮೊಲೆಯಲ್ಲಿ ಬಾವು, ಇಳಿಯದ ಜ್ವರ. ಆರು ತಿಂಗಳ ಕೂಸಿಗೆ ಆ ಮೊಲೆಯಿಂದ ಹಾಲು ಕೊಡಲಾಗುತ್ತಿರಲಿಲ್ಲ.

ಹೈದರಾಬಾದಿನಲ್ಲಿ ಡಾಕ್ಟರಿ ಓದು ಮುಗಿಸಿ ಕಮಲಾಪುರದ ದವಾಖಾನೆಗೆ ಬಂದಾಗಿನಿಂದ ಸೊಸೆಯಂದಿರ ಕಾಯಿಲೆಗಳನ್ನು ನಾನು ಹೀಗೆ ಅತ್ತೆಯರ ಮೈಮೇಲೆಯೇ ನೋಡುತ್ತಿದ್ದೆ. ಮೊದಲು ಕಾಳು ತುಂಬಿಡುತ್ತಿದ್ದ ಕಟ್ಟಡವದು. ಒಂದೇ ಬಾಗಿಲು, ಅದೂ ಬಜಾರಿಗೆ. ಎದುರಿನ ಕಟ್ಟೆಯ ಮೇಲೆ ಹಗಲೆಲ್ಲ ಗಂಡಸರು. ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ಅಲ್ಲಿಯ ದವಾಖಾನೆಯಲ್ಲಿ ಹೆಂಗಸರಿಗೆ ಪರದೆ ಕಟ್ಟಿದ ಬೇರೆ ಬಾಗಿಲಿತ್ತು, ಅವರು ತಾವೇ ಬರುತ್ತಿದ್ದರು. ಔಷಧ ಎರಡೂ ಕಡೆ ಒಂದೇ.

"ಕರಕೊಂಡ ಬರ್ರಿ ಆಯಿ. ಬಾವು ಕೊಯ್ಯಬೇಕು. ಕುಡಿಯೋ ಔಷಧಕ್ಕ ಇದು ಬಗ್ಗಂಗಿಲ್ಲ."

"ಆ ಕಟ್ಟಿ ಮುಂದ ಹೆಂಗ ಕರಕೊಂಡ ಬರ್ಲಿ, ಡಾಕ್ಟರ್ ಬಾಯಾರ? ಆಕಿ ಮಾವನೋರು ಅಲ್ಲೇ ಕುಂತಿರ್ತಾರ. ಸೊಸಿ ಎದಿ ಬೇನಿ ಊರ ಬಾಯಾಗ ಹಾಕ್ಲೇನು?"

ಅವಳೊಂದಿಗೆ ನಾನೇ ಮನೆಗೆ ಹೋದೆ. ಸೊಸೆ ಮಲಗಿದ್ದ ಕೋಣೆಗೆ ಕಿಟಕಿ ಇರಲಿಲ್ಲ, ಒಲೆಯ ಹೊಗೆ ತುಂಬಿತ್ತು. ಮುಟ್ಟಿದಾಗ ಕೀವು ತುಂಬಿದ್ದು ಕೈಗೆ ತಿಳಿಯಿತು, ಆದರೆ ಆ ಹೊಗೆಯಲ್ಲಿ, ಚಿಮಣಿ ದೀಪದ ಬೆಳಕಿನಲ್ಲಿ ಚಾಕು ಹಿಡಿಯುವಂತಿರಲಿಲ್ಲ. ಹಾಗೇ ಬಿಟ್ಟರೆ ನಂಜು ಮೈಗೆಲ್ಲ ಹರಡಿ ತಾಯಿ ಉಳಿಯುವುದೇ ಕಷ್ಟವಿತ್ತು.

"ಹಾಲು ನಿಂತೇ ಹೋಗ್ತದೇನ್ರಿ?" ಎಂದಳು ಸೊಸೆ. ಅಷ್ಟೇ ಕೇಳಿದ್ದು.

ದವಾಖಾನೆಯ ಹಿಂದಿನ ಕೋಣೆಯಲ್ಲಿ ಮುರಿದ ಮಂಚಗಳನ್ನು ತುಂಬಿದ್ದರು. ಅದಕ್ಕೆ ಪೂರ್ವಕ್ಕೊಂದು ದೊಡ್ಡ ಕಿಟಕಿ. ಕೋಣೆಯ ಆಚೆ ಹೆಂಗಸರು ಬಾವಿಗೆ ಹೋಗುವ ಓಣಿ. ಓಣಿಯ ಕಡೆಯ ಗೋಡೆಯಲ್ಲಿ ಹಳೆಯ ಬಾಗಿಲೊಂದನ್ನು ಕಲ್ಲು ಮಣ್ಣು ಹಾಕಿ ಮುಚ್ಚಿದ್ದು ಕಾಣುತ್ತಿತ್ತು. ಅದನ್ನು ತೆಗೆಸಿ ಎಂದೆ.

"ಗೋಡಿ ಸರ್ಕಾರದ್ದು, ಬಾಯಾರ. ಹುಕುಂ ಬೇಕ್ರಿ," ಎಂದರು ವಯಸ್ಸಾದ ಕಂಪೌಂಡರ್.

"ಎಂದ ಬರ್ತದ್ರಿ ಚಾಚಾ, ಹುಕುಂ?"

"ನೀವು ಕುಂತ ಕುರ್ಚಿ ರಿಪೇರಿದು ಇನ್ನೂ ಹಾದಿ ಮ್ಯಾಲ ಐತ್ರಿ."

ಆ ಕುರ್ಚಿಯ ಒಂದು ಕಾಲಿನ ಜಾಗದಲ್ಲಿ ಇಟ್ಟಿಗೆಗಳಿದ್ದವು.

"ಹಂಗಾರ ಗೌಂಡಿನ್ನ ಕರೀರಿ. ಯಾರರ ಕೇಳಿದ್ರ ನನ್ನ ಹೆಸರು ಹೇಳ್ರಿ."

"ಹೇಳಾಕೇ ಬೇಕಲ್ರಿ," ಎನ್ನುತ್ತ ಅವರು ರುಮಾಲು ಸುತ್ತಿಕೊಂಡು ಹೊರಟರು.

ಸಂಜೆಯೊಳಗೆ ಗೌಂಡಿ ಕಲ್ಲು ತೆಗೆದು ಮುಗಿಸಿದ. ಬಾಗಿಲಿನ ಜಾಗಕ್ಕೆ ಗೋಣಿತಟ್ಟಿನ ಪರದೆ ಕಟ್ಟಿಸಿದೆ, ನೆಲ ತೊಳೆಸಿದೆ. ಬೆಳಿಗ್ಗೆ ನೀರಿಗೆ ಹೋಗುವವರ ಜೊತೆ ಸೊಸೆಯೂ ಕೊಡ ಹಿಡಿದು ಬರಲಿ, ಯಾರೂ ತಿರುಗಿ ನೋಡುವುದಿಲ್ಲ ಎಂದು ಮುದುಕಿಗೆ ಹೇಳಿ ಬಂದೆ.

ಮರುದಿನ ಬೆಳಿಗ್ಗೆ ಚಾಕು ಕುದಿಸಿ, ಮೇಜನ್ನು ಕಿಟಕಿಯ ಕೆಳಗೆ ಎಳೆದಿಟ್ಟೆ. ಓಣಿಯಲ್ಲಿ ಕೊಡಗಳನ್ನು ಇಳಿಸಿದ ಸದ್ದಾಯಿತು. ಅತ್ತೆ ಸೊಸೆ ಒಳಗೆ ಬಂದರು. ಬಿಸಿಲಿನಲ್ಲಿ ಎಲ್ಲಿ ಕೊಯ್ಯಬೇಕೆಂಬುದು ಸ್ಪಷ್ಟವಾಗಿ ಕಂಡಿತು. ಕೊಯ್ದೆ. ಕೀವೆಲ್ಲ ಇಳಿದ ಮೇಲೆ ಸೊಸೆ ಬಿಗಿಯಾಗಿ ಹಿಡಿದಿದ್ದ ಅತ್ತೆಯ ಕೈ ಬಿಟ್ಟು, ಕೂಸು ಎದ್ದಿರಬಹುದು, ಬೇಗ ಹೋಗಬೇಕು ಎಂದಳು. ಇನ್ನೊಂದು ಮೊಲೆಯಲ್ಲಿ ಹಾಲು ನಿಂತಿಲ್ಲ, ಇದರಲ್ಲೂ ಬರುತ್ತದೆ ಎಂದು ಹೇಳಿ ಪಟ್ಟಿ ಕಟ್ಟಿದೆ.

ಕೈ ತೊಳೆದು ಪರದೆ ಸರಿಸಿದೆ. ಜೊತೆಗೆ ಬಂದ ಹೆಂಗಸರು ಬಾವಿಗೆ ಹೋಗಿರಲಿಲ್ಲ. ಖಾಲಿ ಕೊಡಗಳನ್ನು ಸಾಲಾಗಿ ಇಟ್ಟು, ಗೋಡೆಗೆ ಒರಗಿ ಕುಳಿತಿದ್ದರು. ಬಾಗಿಲಿಗೆ ಹತ್ತಿರ ಇದ್ದವಳನ್ನು ಒಳಗೆ ಕರೆದೆ.