ಒಣಗಿದ ನೆಲ

ಮಾರುಕಟ್ಟೆಯ ಹೆಂಗಸರ ಶೌಚಾಲಯವನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವಳನ್ನು ಊರೆಲ್ಲ ಫಿನಾಯಿಲಕ್ಕ ಎಂದೇ ಕರೆಯುತ್ತಿತ್ತು. ಅವಳಿಗಿಂತ ಮುಂಚೆ ಅವಳ ವಾಸನೆ ಬರುತ್ತದೆ ಎಂದು ತಮಾಷೆ ಮಾಡುವವರಿಗೆ, "ನಿಮ್ಮ ವಾಸನೆ ಹೋಗ್ಲಿ ಅಂತ ತಾನೇ ಇದು?" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದಳು. ನಗರಸಭೆಯ ಪಂಪ್ ನೋಡಿಕೊಳ್ಳುತ್ತಿದ್ದ ಗಂಡ ತೀರಿಕೊಂಡ ಮೇಲೆ ಸಿಕ್ಕಿದ ಕೆಲಸ ಅದು. ಮೊದಲ ಎರಡು ದಿನ ಅತ್ತಳು. ಮೂರನೆಯ ದಿನ ಬ್ರಷ್ ಹಿಡಿದವಳು ಮತ್ತೆ ಬಿಡಲಿಲ್ಲ.

ಶೌಚಾಲಯದ ಆ ಆರು ಬಾಗಿಲುಗಳ ಬೆಲೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳಮ್ಮ ಅದೇ ಮಾರುಕಟ್ಟೆಯಲ್ಲಿ ಈರುಳ್ಳಿ ಮಾರಿದವಳು. ಆಗ ಅಲ್ಲಿ ಶೌಚಾಲಯ ಇರಲಿಲ್ಲ. ಬೆಳಗ್ಗೆ ಆರಕ್ಕೆ ಬಂದು ಕೂತರೆ ಸಂಜೆ ಮನೆ ಸೇರುವವರೆಗೆ ಅಮ್ಮ ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಹಾಗೆ ತಡೆದುಕೊಂಡು ತಡೆದುಕೊಂಡೇ ಮೂತ್ರಪಿಂಡ ಕೆಟ್ಟು, ಐವತ್ತು ತುಂಬುವ ಮೊದಲೇ ಹೋಗಿಬಿಟ್ಟಳು. ಈಗ ಅಲ್ಲಿ ಕೂರುವ ಇನ್ನೂರು ಹೆಂಗಸರ ಪಕ್ಕದಲ್ಲೂ ಒಂದೊಂದು ನೀರಿನ ಬಾಟಲಿ ಇರುತ್ತದೆ. ಅದನ್ನು ನೋಡಿದಾಗಲೆಲ್ಲ ಫಿನಾಯಿಲಕ್ಕನ ಹೊಟ್ಟೆ ತಣ್ಣಗಾಗುತ್ತಿತ್ತು.

ಒಂದು ಮಂಗಳವಾರ ಶೌಚಾಲಯದ ಗೋಡೆಗೆ ನೋಟಿಸ್ ಬಿತ್ತು. ಖರ್ಚು ಕಡಿತದ ಸಲುವಾಗಿ, ಬಳಕೆಯಲ್ಲಿಲ್ಲದ ಈ ಶೌಚಾಲಯವನ್ನು ತಿಂಗಳ ಕೊನೆಗೆ ಮುಚ್ಚಲಾಗುವುದು.

"ಬಳಕೆಯಲ್ಲಿ ಇಲ್ವಂತೆ ಕಣೆ!" ಎಂದು ಓದಿ ಹೇಳಿದ್ದು ಅಲ್ಲೇ ಸೊಪ್ಪು ಮಾರುವ ಅತ್ತಿಗೆ, ಫಿನಾಯಿಲಕ್ಕನ ಅಣ್ಣನ ಹೆಂಡತಿ. "ಹಾಗಾದ್ರೆ ಇಷ್ಟು ವರ್ಷ ನಾವೆಲ್ಲ ಇಲ್ಲಿಗೆ ಗಾಳಿ ಸೇವನೆಗೆ ಬರ್ತಿದ್ವಾ?"

ಫಿನಾಯಿಲಕ್ಕ ಬಕೆಟ್ಟನ್ನು ಅಲ್ಲೇ ಇಟ್ಟು ನೆಟ್ಟಗೆ ನಗರಸಭೆಗೆ ನಡೆದಳು. ಆರೋಗ್ಯ ಶಾಖೆಯ ಗುಮಾಸ್ತ ಪಾಪದ ಮನುಷ್ಯ. ಫೈಲು ತೆಗೆದು ತೋರಿಸಿದ. ಮೂರು ಸಲ ತಪಾಸಣೆ ಆಗಿತ್ತು. ಮೂರು ಸಲವೂ ಬರೆದದ್ದು ಒಂದೇ: ನೆಲ ಒಣಗಿದೆ, ಒಬ್ಬ ಬಳಕೆದಾರರೂ ಕಾಣಲಿಲ್ಲ.

ತಪಾಸಣೆಗೆ ಸಾಹೇಬರು ಬರುತ್ತಾರೆಂದು ಇದೇ ಗುಮಾಸ್ತ ಫೋನು ಮಾಡಿದ ದಿನವೆಲ್ಲ ಅವಳು ಮಾಡಿದ್ದೇನು? ಒಂದು ಗಂಟೆ ಮುಂಚೆಯೇ ಉಜ್ಜಿ ತೊಳೆದು, ಬಾಗಿಲಿಗೆ ಬಕೆಟ್ಟು ಅಡ್ಡ ಇಟ್ಟು, "ನೆಲ ಒಣಗ್ಲಿ, ಯಾರೂ ಕಾಲಿಡ್ಬೇಡಿ" ಎಂದು ಹೆಂಗಸರನ್ನೆಲ್ಲ ತಡೆದಿದ್ದಳು. ಅತ್ತಿಗೆಯನ್ನೂ ಬಿಟ್ಟಿರಲಿಲ್ಲ. ಒಳ್ಳೆಯ ಹೆಸರು ಬರಲೆಂದು ಮಾಡಿದ ಕೆಲಸವೇ ಕುತ್ತಿಗೆಗೆ ಬಂದಿತ್ತು. ನಾಚಿಕೆಯಾಯಿತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಮೈ ಉರಿಯಿತು. ಮೂರು ಸಲ ಬಂದ ಆ ಮನುಷ್ಯ, ಹೊರಗೆ ಕಾಲು ಬದಲಿಸುತ್ತ ನಿಂತಿದ್ದ ಹೆಂಗಸರ ಕಡೆ ಒಮ್ಮೆಯಾದರೂ ಕಣ್ಣೆತ್ತಿ ನೋಡಬಾರದಿತ್ತೇ?

ಮುಂದಿನ ಸೋಮವಾರ ಸದಸ್ಯರ ಸಭೆ. ಬೆಳಗ್ಗೆ ಹತ್ತಕ್ಕೆ ಫಿನಾಯಿಲಕ್ಕ ಅರವತ್ತು ಹೆಂಗಸರನ್ನು ಕಟ್ಟಿಕೊಂಡು ನಗರಸಭೆಯ ಮಹಡಿ ಹತ್ತಿದಳು. ಘೋಷಣೆ ಇಲ್ಲ, ಕೂಗಾಟ ಇಲ್ಲ. ಸಭಾಂಗಣದ ಪಕ್ಕದಲ್ಲಿದ್ದ ಒಂದೇ ಒಂದು ಶೌಚಾಲಯದ ಮುಂದೆ ಎಲ್ಲರೂ ಸಾಲಾಗಿ ನಿಂತರು. ಒಬ್ಬೊಬ್ಬರೇ ಒಳಗೆ ಹೋಗಿ ಬಂದು ಮತ್ತೆ ಸಾಲಿನ ಕೊನೆಗೆ ಸೇರಿಕೊಂಡರು. ಎರಡೆರಡು ಲೋಟ ಚಹಾ ಕುಡಿದು ಹೊರಬಂದ ಸದಸ್ಯರು ತಬ್ಬಿಬ್ಬಾದರು.

"ಏನಮ್ಮ ಇದೆಲ್ಲ?" ಎಂದರು ಅಧ್ಯಕ್ಷರು.

"ನಮ್ದು ಮುಚ್ತೀರಲ್ಲ ಸಾರ್, ಇನ್ಮೇಲೆ ಇಲ್ಲಿಗೇ ಬರೋದು," ಎಂದಳು ಫಿನಾಯಿಲಕ್ಕ. "ದಾರಿ ಅಭ್ಯಾಸ ಆಗ್ಲಿ ಅಂತ ಕರ್ಕೊಂಡು ಬಂದೆ."

"ತಮಾಷೆ ಸಾಕು. ಸ್ವಲ್ಪ ಜಾಗ ಬಿಡಿ."

"ಸಾಲು ಅಲ್ಲಿಂದ ಸಾರ್," ಎಂದು ಅತ್ತಿಗೆ ಕೆಳಗಿನ ಮೆಟ್ಟಿಲ ಕಡೆ ಕೈ ತೋರಿಸಿದಳು.

ಅಧ್ಯಕ್ಷರು ಗದರಿ ನೋಡಿದರು, ಯಾರೂ ಸೊಪ್ಪು ಹಾಕಲಿಲ್ಲ. ಹತ್ತು ನಿಮಿಷಕ್ಕೆ ಅವರ ಹಣೆಯಲ್ಲಿ ಬೆವರು ಕಾಣಿಸಿತು. "ಏನ್ಬೇಕು ಹೇಳಿ, ಬೇಗ!"

"ಇನ್ನೊಂದ್ಸಲ ನೋಡೋಕೆ ಕಳ್ಸಿ. ಯಾವತ್ತು ಅಂತ ಮಾತ್ರ ಹೇಳ್ಬೇಡಿ."

ಅಧ್ಯಕ್ಷರು ನಿಂತಲ್ಲೇ ಬರೆದು ರುಜು ಹಾಕಿದರು. ಆಮೇಲೆಯೇ ಹೆಂಗಸರು ಪಕ್ಕಕ್ಕೆ ಸರಿದದ್ದು.

ಗುರುವಾರ ಹನ್ನೊಂದು ಗಂಟೆಗೆ ಗುಮಾಸ್ತನ ಫೋನು ಬಂತು. ಅಭ್ಯಾಸಬಲ, ಪಾಪ. "ಅಕ್ಕ, ಸಾಹೇಬ್ರು ಹೊರಟ್ರು!"

ಫಿನಾಯಿಲಕ್ಕ ತಿರುಗಿ ನೋಡಿದಳು. ನೆಲದ ತುಂಬ ಒದ್ದೆ ಹೆಜ್ಜೆ, ಚಪ್ಪಲಿಯ ಮಣ್ಣು, ಈರುಳ್ಳಿ ಸಿಪ್ಪೆ, ಯಾರದೋ ಕಾಲಿಗೆ ಅಂಟಿ ಬಂದ ಸೊಪ್ಪಿನೆಲೆ. ಕೈ ತಾನಾಗಿಯೇ ನೆಲ ಒರೆಸುವ ಕೋಲಿಗೆ ಹೋಯಿತು. ಇಪ್ಪತ್ತೆರಡು ವರ್ಷದ ಕೈ, ಸುಮ್ಮನಿರು ಎಂದರೆ ಇರುತ್ತದೆಯೇ? ಅವಳು ಹಲ್ಲು ಕಚ್ಚಿ ಕೋಲು, ಬಕೆಟ್ಟು ಎಲ್ಲವನ್ನೂ ಕಪಾಟಿಗೆ ತುಂಬಿ ಬೀಗ ಹಾಕಿದಳು. ಬೀಗದ ಕೈಯನ್ನು ಅತ್ತಿಗೆಗೆ ಕೊಟ್ಟಳು. "ನಾನು ಕಾಲಿಗೆ ಬಿದ್ದು ಕೇಳಿದ್ರೂ ಕೊಡ್ಬೇಡಿ ಅತ್ತಿಗೆ."

ಸಾಹೇಬ ಬಂದ. ಹೊಸ್ತಿಲಲ್ಲೇ ನಿಂತು, ಇಡಲು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಒಳಗಿದ್ದ ಹೆಂಗಸರು ಅವನನ್ನು ಸರಿಸಿಕೊಂಡು ಹೊರಗೆ ಬಂದರು, ಹೊರಗಿದ್ದವರು ಒಳಗೆ ಹೋದರು.

"ಏನಮ್ಮ ಇದು, ಇಷ್ಟು ಗಲೀಜು!"

ಫಿನಾಯಿಲಕ್ಕನ ಮುಖಕ್ಕೆ ರಕ್ತ ನುಗ್ಗಿತು. ಅವಳ ನೆಲಕ್ಕೆ ಆ ಮಾತು ಅಂದವರು ಇದುವರೆಗೆ ಯಾರೂ ಇರಲಿಲ್ಲ.

"ಗಲೀಜಲ್ಲ ಸಾರ್, ಜನ," ಎಂದಳು. "ಬರ್ಕೊಳ್ಳಿ."

ಅವನು ಪೆನ್ನು ತೆಗೆದ. ಅವನು ಬರೆದು ಮುಗಿಸಿ ರುಜು ಹಾಕುವವರೆಗೂ ಅವಳು ಕಾಗದದಿಂದ ಕಣ್ಣು ಕೀಳಲಿಲ್ಲ. ಆಮೇಲೆ ಅತ್ತಿಗೆಯ ಕಡೆ ಕೈ ಚಾಚಿ ಬೀಗದ ಕೈ ಕೇಳಿದಳು.