ಸೋಮವಾರದ ಚೈನು

ನಮ್ಮ ಮನೆಯಲ್ಲಿ ಸೋಮವಾರ ಗಾಡಿಗೆ ರಜೆ. ಗಾಡಿ ಎಂದರೆ ಮೋಟರ್‌ಸೈಕಲ್ಲು. ಅದರ ಸೇವೆ ಮಾಡುವ ನನಗೆ ಮಾತ್ರ ಅಂದು ರಜೆಯಿಲ್ಲ. "ನಮ್ಮ ಮನೆ" ಎಂದೆನಲ್ಲ, ಅದು ರೂಢಿಯ ಮಾತು. ಮನೆ ನನ್ನ ಮಾವನವರದು, ಗಾಡಿಯ ಕಾಗದವೂ ಅವರ ಹೆಸರಿನಲ್ಲೇ ಇದೆ. ನಾನು ಮನೆ ಅಳಿಯ. ಯಲಬುರ್ಗಾ ತಾಲೂಕಿನಲ್ಲಿ, ಕುಷ್ಟಗಿ ಕಡೆಗೆ ಹೋಗುವ ರಸ್ತೆಗೆ ಹೊಂದಿಕೊಂಡ ಊರು ಇದು. ಮದುವೆಯಾದ ವಾರದಲ್ಲೇ ಒಂದು ಟ್ರಂಕು ಹಿಡಿದು ಬಂದವನು ಇನ್ನೂ ಇಲ್ಲೇ ಇದ್ದೇನೆ.

ಮಾವನವರಿಗೆ ಒಬ್ಬಳೇ ಮಗಳು. ಅವಳನ್ನು ಕಳಿಸಿಕೊಡಲು ಮನಸ್ಸಾಗದೆ, ಬಂದು ಇರುವಂಥ ಗಂಡನ್ನೇ ಹುಡುಕಿದರು. ನಾನು ಗಂಗಾವತಿಯವನು, ಮೂವರು ಗಂಡುಮಕ್ಕಳಲ್ಲಿ ಕೊನೆಯವನು, ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಕೆಲಸ ನೋಡಿಕೊಂಡಿದ್ದವನು. ಭತ್ತದ ಸೀಮೆಯವನಿಗೆ ಎರೆ ಹೊಲದ ಊರು ಗಂಟುಬಿತ್ತು. "ಹೊಲ, ಮನಿ ಎಲ್ಲಾ ನಿಮ್ಮದ ಐತ್ರಿ" ಎಂದು ಮಾವನವರು ಮದುವೆಯ ಮಾತುಕತೆಯಲ್ಲೇ ಹೇಳಿದ್ದರು. ಅವರು ಸುಳ್ಳು ಹೇಳಲಿಲ್ಲ. ಎಲ್ಲಾ ನನ್ನದೇ, ಕೀಲಿಕೈ ಮಾತ್ರ ಅವರ ಉಡಿದಾರದಲ್ಲಿ.

ಸೋಮವಾರದ ವಿಷಯ ಹೇಳುತ್ತಿದ್ದೆ. ಈ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎಷ್ಟೇ ಹದವಾದ ಮಳೆ ಬಿದ್ದಿರಲಿ, ಬಿತ್ತನೆಗೆ ಎಷ್ಟೇ ಅವಸರವಿರಲಿ, ಅಂದು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇಯಲು ಬಿಡುತ್ತಾರೆ. ನಾನು ಬರುವ ಹೊತ್ತಿಗೆ ಮಾವನವರು ಎತ್ತು ಮಾರಿ, ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಹಚ್ಚಿಕೊಂಡಿದ್ದರು. ಎತ್ತು ಕಟ್ಟುತ್ತಿದ್ದ ಗೋದಲಿಯ ಮುಂದೆ, ಕೊಪ್ಪಳದಿಂದ ತಂದ ಗಾಡಿ ನಿಂತಿತು. ಎತ್ತು ಹೋದರೂ ಸೋಮವಾರ ಹೋಗಲಿಲ್ಲ.

"ಎತ್ತಿಗೆ ನೊಗ ಹೆಂಗೋ, ಗಾಡಿಗೆ ಚೈನ್ ಹಂಗ್ರಿ ಅಳಿಯಂದ್ರ," ಎಂದರು ಮೊದಲ ವಾರವೇ. "ವಾರಕ್ಕೊಮ್ಮಿ ಇಳಿಸಿ ಇಡಬೇಕು. ದುಡಿಯೂದು ಅಂದಮ್ಯಾಲೆ ಅದಕ್ಕೂ ಜೀವ ಇದ್ದಂಗ."

ಯಲಬುರ್ಗಾದ ಮೆಕ್ಯಾನಿಕ್ಕು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಚೈನನ್ನು ಗಾಡಿಯ ಮೇಲೇ ಬಿಟ್ಟು, ಬ್ರಷ್ಷಿನಿಂದ ತಿಕ್ಕಿ ಒರೆಸಿದರೆ ಸಾಕು ಎಂದ. ಅವನ ಮಾತು ನಮ್ಮ ಅಂಗಳದಲ್ಲಿ ನಡೆಯಬೇಕಲ್ಲ. ಭಾನುವಾರ ಸಂಜೆ ನಾನು ಚೈನ್ ಕವರ್ ಬಿಚ್ಚುತ್ತೇನೆ. ಚೈನಿನ ಎರಡು ತುದಿಗಳನ್ನು ಕೂಡಿಸುವ ಒಂದು ಕೊಂಡಿ ಇರುತ್ತದೆ, ಅದರ ಮೇಲೆ ಬೆರಳ ಉಗುರಿನಷ್ಟು ಚಿಕ್ಕದೊಂದು ಉಕ್ಕಿನ ಪಟ್ಟಿ. ಅದಕ್ಕೆ ಲಾಕ್ ಎನ್ನುತ್ತಾರೆ. ಅದನ್ನು ಇಕ್ಕಳದಿಂದ ತಳ್ಳಿದರೆ ಇಡೀ ಚೈನು ಸಡಿಲಾಗಿ ಕೈಗೆ ಬರುತ್ತದೆ. ಹಳೆಯ ಪರಾತದಲ್ಲಿ ಡೀಸೆಲ್ ಸುರಿದು ರಾತ್ರಿಯಿಡೀ ನೆನೆಹಾಕುವುದು. ಎರೆ ಮಣ್ಣು ಎಂದರೆ ಸಾಮಾನ್ಯ ಮಣ್ಣಲ್ಲ, ಎಣ್ಣೆಯ ಜೊತೆ ಸೇರಿ ಕೊಂಡಿ ಕೊಂಡಿಗೂ ಮೆತ್ತಿಕೊಂಡಿರುತ್ತದೆ. ಸೋಮವಾರ ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಅರಿವೆಯಿಂದ ಒರೆಸಿ, ಗೋದಲಿಯ ಗೂಟಕ್ಕೆ ತೂಗುಹಾಕಬೇಕು. ಗಾಡಿಯ ಹೆಡ್‌ಲೈಟಿಗೆ ಮೂರು ಬೆರಳಿನ ವಿಭೂತಿ. ಮಂಗಳವಾರ ಬೆಳಿಗ್ಗೆ ಚೈನು ಏರಿಸಿ, ಗೇರ್ ಆಯಿಲ್ ಬಿಟ್ಟು, ಬೆರಳಿನಿಂದ ಒತ್ತಿ ಸಡಿಲ ನೋಡುವುದು. "ಭಾಳ ಬಿಗಿ ಮಾಡಬ್ಯಾಡ್ರಿ, ಹರಿತೈತಿ," ಎಂದು ಮಾವನವರು ಪ್ರತಿ ವಾರವೂ ಎಚ್ಚರಿಸುತ್ತಾರೆ. ಚೈನಿನ ಬಗ್ಗೆ ಅವರಿಗೆ ಇಷ್ಟು ತಿಳಿವಳಿಕೆ ಇದೆಯಲ್ಲ ಎಂದು ನನಗೆ ಹೊಟ್ಟೆಯೊಳಗೇ ಉರಿಯುತ್ತದೆ.

ಆದರೂ ಒಂದು ಮಾತು ಹೇಳಬೇಕು. ಈ ಮನೆಯಲ್ಲಿ ನನಗೆ ಯಾರೂ ಒಂದು ಬಿರುಸು ಮಾತು ಆಡಿದವರಲ್ಲ. ಅದೇ ಕಷ್ಟ. ಬೈದಿದ್ದರೆ, ಬೈದರೆಂದು ಎದ್ದು ಹೋಗಬಹುದಿತ್ತು. ಅತ್ತೆಯವರು ಬಿಸಿ ರೊಟ್ಟಿಯನ್ನು ಮೊದಲು ನನ್ನ ತಾಟಿಗೇ ಹಾಕುತ್ತಾರೆ. ನಾನು ಬಂದರೆ ಮಾವನವರು ಕಟ್ಟೆಯ ಮೇಲೆ ಸರಿದು ಜಾಗ ಬಿಡುತ್ತಾರೆ. ಆದರೆ ಕುಷ್ಟಗಿಗೆ ಹೋಗಿ ಬರುತ್ತೇನೆ ಎಂದರೆ "ಯಾಕ್ರಿ?", ಯಲಬುರ್ಗಾಕ್ಕೆ ಎಂದರೆ "ತಡೀರಿ, ನಾನೂ ಬರ್ತೀನಿ." ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ ಎನ್ನುತ್ತಾರಲ್ಲ, ಅದನ್ನು ನಾನು ವರ್ಷಗಟ್ಟಲೆ ಬಾಯಲ್ಲಿಟ್ಟುಕೊಂಡು ಕೂತಿದ್ದೇನೆ.

ಕಳೆದ ಶ್ರಾವಣದಲ್ಲಿ ಕಾರಟಗಿಯಿಂದ ಫೋನ್ ಬಂತು. ನಾನು ಮೊದಲಿದ್ದ ಗಿರಣಿಯ ಸಾಹುಕಾರರು. ತೂಕದ ಮನುಷ್ಯ ಕೆಲಸ ಬಿಟ್ಟನಂತೆ.

"ಸೋಮವಾರ ಹತ್ತಕ್ಕ ಬಂದು ಕುಂದರು," ಎಂದರು. "ಗಿರಣಿ ಹಿಂದ ಎರಡು ಖೋಲಿ ಖಾಲಿ ಅದಾವು. ಹೆಂಡ್ತಿ ಮಗಳನ್ನ ಕರ್ಕೊಂಡು ಬಾ. ನೀ ಬರಲಿಲ್ಲಂದ್ರ ಇನ್ನೊಬ್ಬವ ಬಾಗಲದಾಗ ನಿಂತಾನ."

"ಬಾ" ಎಂದು ಒರಟಾಗಿ ಕರೆದದ್ದೇ ನನಗೆ ಹಿತವಾಯಿತು. ಎರಡು ಕೋಣೆ. ನಾನೇ ತೆಗೆದು ನಾನೇ ಹಾಕುವ ಒಂದು ಬಾಗಿಲು. ಎಲ್ಲಿಗೆ, ಯಾಕೆ ಎಂದು ಯಾರೂ ಕೇಳದ ಒಂದು ಬೆಳಗು. ನನಗೆ ಬೇಕಾದದ್ದು ಅಷ್ಟೇ, ಮತ್ತು ಅದು ಎಷ್ಟು ಬೇಕಾಗಿತ್ತೆಂದರೆ ಫೋನ್ ಇಟ್ಟವನೇ ಒಳಗೆ ಹೋಗಿ ಹಳೆಯ ಟ್ರಂಕಿನ ಧೂಳು ಒರೆಸಿದೆ. ಮಗಳನ್ನು ಮಲಗಿಸುತ್ತಿದ್ದ ಹೆಂಡತಿಗೆ ಹೇಳಿದೆ. ಮೊದಲು ನಾನೊಬ್ಬನೇ ಹೋಗಿ ಕೆಲಸ ಗಟ್ಟಿ ಮಾಡಿಕೊಂಡು ಬರುತ್ತೇನೆ, ಆಮೇಲೆ ನಿಮ್ಮಿಬ್ಬರನ್ನೂ ಕರೆದೊಯ್ಯುತ್ತೇನೆ ಎಂದೆ. ಅವಳು "ಹೂಂ" ಎಂದಳು. ಅಪ್ಪನ ಮಗಳು, ಮನಸ್ಸಿಲ್ಲ ಎಂದುಕೊಂಡೆ.

ಭಾನುವಾರ ಚೈನು ಬಿಚ್ಚುವಾಗ ಮಾವನವರಿಗೆ ಮೆಲ್ಲಗೆ ಕೇಳಿದೆ. "ಮಾವಾರ, ನಾಳಿ ಗಂಗಾವತಿ ಕಡಿ ಸ್ವಲ್ಪ ಕೆಲಸ ಇತ್ರಿ."

"ಶ್ರಾವಣ ಸೋಮವಾರ್ರಿ ಅಳಿಯಂದ್ರ," ಎಂದು ಅವರೇ ಪರಾತಕ್ಕೆ ಡೀಸೆಲ್ ಸುರಿದರು. "ಮಂಗಳವಾರ ಹೋಗ್ರಿ. ಕೆಲಸ ಎಲ್ಲಿಗಿ ಓಡಿ ಹೋಕ್ಕೈತಿ?"

ಚೈನು ಗುಳುಗುಳು ಎಂದು ಡೀಸೆಲ್ಲಿನಲ್ಲಿ ಮುಳುಗಿತು. ನಾನು ಹೂಂ ಎಂದೆ. ಒಳಗೊಳಗೇ ಬೇರೆ ಲೆಕ್ಕ ಹಾಕಿದೆ. ಶ್ರಾವಣ ಸೋಮವಾರ ಮಾವನವರು ನಸುಕಿನಲ್ಲೇ ಬಸವಣ್ಣನ ಗುಡಿಗೆ ಹೋದರೆ ಬಿಸಿಲು ಏರುವವರೆಗೆ ಬರುವುದಿಲ್ಲ. ಅಷ್ಟರಲ್ಲಿ ಚೈನು ಒರೆಸಿ, ಏರಿಸಿ, ಗಾಡಿ ಹತ್ತಿಬಿಟ್ಟರೆ ಮುಗಿಯಿತು. ಬಂದ ಮೇಲೆ ಏನಾದರೂ ಹೇಳಿಕೊಂಡರಾಯಿತು.

ಅವರು ಗುಡಿಗೆ ಹೋದದ್ದೇ ನಾನು ಗೋದಲಿಯ ಮುಂದೆ ಕೂತೆ. ಚೈನನ್ನು ಎತ್ತಿ ಒರೆಸಿದೆ, ಮುಂದಿನ ಹಲ್ಲುಚಕ್ರದ ಸುತ್ತ ಎಳೆದು ಹಿಂದಿನದಕ್ಕೆ ಕೂಡಿಸಿದೆ. ಕೊಂಡಿ ಸಲೀಸಾಗಿ ಕೂತಿತು. ಇನ್ನು ಲಾಕ್ ಒಂದು ಬಾಕಿ. ಅದರ ಬಾಯಿ ಚೈನು ಓಡುವ ದಿಕ್ಕಿಗೆ ಬೆನ್ನು ಮಾಡಿರಬೇಕು, ಅದೆಲ್ಲ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ಡೀಸೆಲ್ ಮೆತ್ತಿದ ಬೆರಳಿನಲ್ಲಿ ಅದನ್ನು ಹಿಡಿದು, ಇಕ್ಕಳದಿಂದ ಒಂದೇ ಏಟಿಗೆ ಒತ್ತಿದೆ. ಟಣ್ಣೆಂದು ಹಾರಿತು. ಎಲ್ಲಿ ಬಿತ್ತೆಂದು ಕಾಣಲಿಲ್ಲ.

ಗೋದಲಿಯ ಇನ್ನೊಂದು ತುದಿಗೆ ಕಟ್ಟುವ ಎಮ್ಮೆ ತಿಂದು ಬಿಟ್ಟ ಕಣಕಿಯ, ಎಂದರೆ ಜೋಳದ ದಂಟಿನ ಚೂರು, ಕೆಳಗೆ ಸಗಣಿ, ಪಕ್ಕದಲ್ಲಿ ಗಂಜಲದ ಕೆಸರು. ಮೊಣಕಾಲೂರಿ ಹುಡುಕತೊಡಗಿದೆ. ಲಾಕ್ ಇಲ್ಲದೆ ತಂತಿ ಸುತ್ತಿ ಹೋದರೆ ಊರ ಗಡಿ ದಾಟುವುದರೊಳಗೆ ಚೈನು ಕಳಚಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಹುಡುಕುತ್ತ ಹುಡುಕುತ್ತ ಬಿಸಿಲು ಅಂಗಳಕ್ಕೆ ಇಳಿಯಿತು. ಅವರು ಬರುವ ಹೊತ್ತಾಯಿತೆಂದು ಚೈನನ್ನು ಮತ್ತೆ ಕಳಚಿ ಪರಾತಕ್ಕೆ ಹಾಕಿದೆ. ಮಾವನವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಕಾಯಿ ಹೋಳು ಹಿಡಿದು ಬಂದೇಬಿಟ್ಟರು.

ಅವರು ಸಿಟ್ಟಾಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಸಂತೋಷಪಟ್ಟರು. ಹಬ್ಬದ ವಾರವೆಂದು ಅಳಿಯ ನಸುಕಿನಲ್ಲೇ ಎದ್ದು ಸೇವೆಗೆ ಕೂತಿದ್ದಾನೆ ಎಂದುಕೊಂಡರು. ಲಾಕ್ ಹಾರಿದ್ದು ತಿಳಿದು, ಧೋತರ ಮೇಲೆತ್ತಿ ಕಟ್ಟಿ ತಾವೂ ನನ್ನ ಪಕ್ಕದಲ್ಲಿ ಕೂತು ಸಗಣಿ ಕೆದಕತೊಡಗಿದರು. ಅತ್ತೆಯವರು ಮೊರ ತಂದು ಕಣಕಿ ಜಾಡಿಸಿದರು. ಪಕ್ಕದ ಮನೆಯ ಸಾಬರು ಪಂಪ್‌ಸೆಟ್ ರಿಪೇರಿ ಮಾಡುವವರು, ಹಳೆಯ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿಕೊಂಡು ಬಂದರು. "ಫಿಕರ್ ಮಾಡಬ್ಯಾಡ್ರಿ, ಕಬ್ಬಿಣ ಎಲ್ಲಿಗಿ ಹೋಕ್ಕೈತಿ?" ಎಂದು ಕೆಸರಿನಲ್ಲಿ ಅಯಸ್ಕಾಂತ ಎಳೆದಾಡಿದರು. ಮೊಳೆ ಬಂತು, ಹಳೆಯ ಪಿನ್ನು ಬಂತು, ಕೊನೆಗೆ ತುಕ್ಕು ಹಿಡಿದ ಎತ್ತಿನ ಲಾಳವೊಂದು ಅಂಟಿಕೊಂಡು ಬಂತು. ಮಾವನವರು ಅದನ್ನು ಬಿಡಿಸಿ, ಅಂಗೈಯಲ್ಲಿಟ್ಟು, "ಇದು ಎಡಗಡಿ ಎತ್ತಿಂದು," ಎಂದು ಹೆಬ್ಬೆರಳಿನಿಂದ ಅದರ ಕೆಸರು ಒರೆಸಿದರು. ನನಗೆ ಆ ಗಳಿಗೆಯಲ್ಲಿ ಅವರ ಮೇಲೆ ಮರುಕವೂ ಬಂತು, ಸಿಟ್ಟೂ ಬಂತು. ನಾನು ಓಡಿಹೋಗಲು ಬೇಕಾದ ವಸ್ತುವನ್ನು ಈ ಜನ ನನಗಾಗಿ ಸಗಣಿಯಲ್ಲಿ ಹುಡುಕುತ್ತಿದ್ದರು. ಇದಕ್ಕಿಂತ ಒಳ್ಳೆಯ ಸೆರೆಮನೆ ಎಲ್ಲಿ ಸಿಕ್ಕೀತು?

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿತು. ಕುಷ್ಟಗಿಗೆ ಹೋಗುವ ಬೆಳಗಿನ ಬಸ್ಸು ನಮ್ಮ ಮನೆಯ ಎದುರಿಗೇ ನಿಲ್ಲುತ್ತದೆ. ಅಲ್ಲಿಂದ ಕಾರಟಗಿ ಕಡೆಯ ಬಸ್ಸು ಸಿಗುತ್ತದೆ, ತುಸು ತಡವಾದರೂ ಸಾಹುಕಾರರು ಕಾಯುತ್ತಿದ್ದರೇನೋ. ಗಾಡಿಯ ಚಕ್ರದ ಸಂದಿಯಿಂದ ನೋಡಿದೆ. ನಾಗರ ಪಂಚಮಿ ಎದುರಿಗಿತ್ತು, ತವರಿಗೆ ಬಂದ ಹೆಣ್ಣುಮಕ್ಕಳು ಚೀಲ, ಕೂಸುಗಳೊಂದಿಗೆ ಇಳಿಯುತ್ತಿದ್ದರು. ಬಸ್ಸು ಖಾಲಿಯಾಗಿ ನಿಂತಿತು. ಹತ್ತು ಹೆಜ್ಜೆ ನಡೆದರೆ ಸಾಕು. ಆದರೆ ಗಾಡಿ ತೆಗೆದುಕೊಂಡು ಹೋದರೆ ಅಳಿಯ ಕೆಲಸಕ್ಕೆ ಹೋದ ಎನ್ನುತ್ತದೆ ಊರು. ಹಬ್ಬದ ವಾರ ಚೀಲ ಹಿಡಿದು ಬಸ್ ಹತ್ತಿದರೆ, ಅಳಿಯ ಮನೆ ಬಿಟ್ಟು ಹೋದ ಎನ್ನುತ್ತದೆ. ಕಟ್ಟೆಯ ಮೇಲೆ ಕೂತವರೆಲ್ಲ ಇಷ್ಟಿಷ್ಟು ಬಾಯಿ ಬಿಟ್ಟು ನೋಡುತ್ತಾರೆ. ಅಂಗೈಯಲ್ಲಿ ಲಾಳ ಹಿಡಿದು ಕೂತ ಮಾವನವರ ಮುಂದೆ ಎದ್ದು ನಿಲ್ಲಲಾರದೆ ಮತ್ತೆ ಸಗಣಿಗೆ ಕೈ ಹಾಕಿದೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು.

ಬಸ್ಸಿನ ಧೂಳು ಅಡಗಿದ ಮೇಲೆ ಮಾವನವರು ಕೈ ಒರೆಸಿಕೊಂಡು ಎದ್ದರು. ಎಲೆಯಡಿಕೆಯ ಚಂಚಿಯನ್ನು ತೆಗೆದು, ಸುಣ್ಣದ ಡಬ್ಬಿಯ ಪಕ್ಕದಿಂದ ಕಾಗದದ ಪೊಟ್ಟಣವೊಂದನ್ನು ಬಿಚ್ಚಿದರು. ಒಳಗೆ ಹೊಸ ಲಾಕ್ ಥಳಥಳ ಹೊಳೆಯುತ್ತಿತ್ತು.

"ಚಿಂತಿ ಬಿಡ್ರಿ ಅಳಿಯಂದ್ರ. ನನ್ನ ಕಡಿ ಯಾವಾಗಲೂ ಒಂದು ಜಾಸ್ತಿ ಇರ್ತೈತಿ."

"ಕೊಡ್ರಿ ಮಾವಾರ, ಹಾಕಿಬಿಡ್ತೀನಿ," ಎಂದು ಕೈ ಚಾಚಿದೆ.

"ಇವತ್ತು ಬ್ಯಾಡ್ರಿ. ನಾಳಿ ಹಾಕೂಣು," ಎಂದು ಪೊಟ್ಟಣ ಮಡಚಿ, ಚಂಚಿಯ ದಾರ ಎಳೆದರು. ದೇವರು ಕೊಟ್ಟರೂ ಪೂಜಾರಿ ಕೊಡ.

ಹನ್ನೊಂದರ ಸುಮಾರಿಗೆ ಸಾಹುಕಾರರ ಫೋನ್ ಬಂತು. ಗಾಡಿ ಕೆಟ್ಟಿದೆ, ನಾಳೆ ಬರುತ್ತೇನೆ ಎಂದೆ. "ನಾಳಿ ಬಂದು ಏನ್ ಮಾಡ್ತಿ? ಅವ ಬಂದು ಕುಂತಾನ," ಎಂದರು. ಬೇಸರದಿಂದೇನೂ ಹೇಳಲಿಲ್ಲ. ಹಿಂದಿನಿಂದ ಗಿರಣಿಯ ಸದ್ದು ಕೇಳುತ್ತಿತ್ತು. ಉಳಿದ ದಿನವನ್ನು ಚೈನಿನ ಕೊಂಡಿಗಳನ್ನು ಮತ್ತೆ ತಿಕ್ಕುತ್ತ ಕಳೆದೆ. ಅಷ್ಟು ಸ್ವಚ್ಛವಾದ ಚೈನು ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಸಂಜೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಹೆಂಡತಿ ತಂಬಿಗೆಯಿಂದ ನೀರು ಹಾಕುತ್ತಿದ್ದಳು. ಇಡೀ ದಿನದ ಸಿಟ್ಟನ್ನು ಅವಳ ಮುಂದೆ ಕಾರಿದೆ.

"ಆ ಲಾಕ್ ಒಂದು ಹಾರಲಿಲ್ಲಂದ್ರ ಇಷ್ಟೊತ್ತಿಗೆ ಕೆಲಸ ನಂದಾಗಿರ್ತಿತ್ತು. ನಿಮ್ಮಪ್ಪನ ಚಂಚಿಯೊಳಗ ಇತ್ತು ನೋಡು. ಕೊಡಲಿಲ್ಲ."

"ಬಸ್ಸಿನ ಚೈನ್ ಯಾರೂ ಬಿಚ್ಚಿದ್ದಿಲ್ಲಲ್ರಿ," ಎಂದಳು.

ಊರಿನವರ ಬಾಯಿ, ಅವಳಪ್ಪನ ಮರ್ಯಾದೆ, ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು, ನೀರು ಹಾಕುತ್ತಲೇ ಇದ್ದಳು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. "ನಿನಗೇನು ಗೊತ್ತಾಗ್ತೈತಿ? ನೀ ತವರು ಮನ್ಯಾಗ ಆರಾಮ ಅದಿ," ಎಂದೆ.

ನೀರು ನಿಂತಿತು.

"ತವರು ಅನ್ನಬೇಕಂದ್ರ ಒಮ್ಮಿ ಬಿಟ್ಟು ಹೋಗಿರಬೇಕ್ರಿ," ಎಂದಳು. ದನಿ ಏರಿಸಲಿಲ್ಲ. "ನಾ ಹುಟ್ಟಿದ್ದೂ ಇದ ಮನಿ, ಮದುವಿ ಆಗಿದ್ದೂ ಇದ ಅಂಗಳ, ಬಾಣಂತನನೂ ಇಲ್ಲೇ. ನನ್ನ ಜೋಡಿ ಆಡಿದ ವಾರಿಗಿ ಹುಡುಗ್ಯಾರೆಲ್ಲ ಇವತ್ತು ಪಂಚಮಿಗೆ ಬಂದು ಇಳಿದ್ರು. ನಾ ಎಲ್ಲಿಂದ ಬರ್ಲಿ?"

ನನ್ನ ಕೈಯ ಸೋಪಿನ ಪುಡಿ ಕರಗಿ ಮೊಣಕೈವರೆಗೆ ಇಳಿಯುತ್ತಿತ್ತು.

"ಬಸ್ ಬಂದಾಗ ಕೂಸಿನ ಅರಿವಿ ಚೀಲಕ್ಕ ತುಂಬಿ, ಚಪ್ಪಲಿ ಮೆಟ್ಟಿ ಬಾಗಲದಾಗ ನಿಂತಿದ್ದೆ," ಎಂದಳು. "ನೀವು ಎದ್ರ ನಾನೂ ಹೆಜ್ಜಿ ಇಡೂಣು ಅಂತ. ನೀವು ಬಸ್ ನೋಡಿದ್ರಿ. ಬಾಗಲ ಕಡಿ ತಿರುಗಿ ನೋಡಲಿಲ್ಲ."

ಅವಳು ಮತ್ತೆ ತಂಬಿಗೆ ಬಗ್ಗಿಸಿದಳು. ಒಳಗಿನಿಂದ ಮಾವನವರು ಕೂಗಿದರು. "ಅಳಿಯಂದ್ರ, ಕತ್ತಲಾತು, ಹಿತ್ತಲ ಬಾಗಲ ಹಾಕ್ಕೊಂಡು ಬರ್ರಿ." ನಾನು ಕೈ ಒರೆಸಿಕೊಂಡೆ. ಅವಳು ತಂಬಿಗೆ ಎತ್ತಿಕೊಂಡಳು. ಬಾಗಿಲು ಹಾಕಿಕೊಂಡು ಇಬ್ಬರೂ ಒಳಗೆ ಹೋದೆವು.