ಕೇಳದೆ ಮಾಡಿಸಿದ ರಾಜಿ

ಮಟಕಿ ಊರಿನ ಹಣಮಂತರಾಯರಿಗೆ ರಾಜಿ ಮಾಡಿಸುವುದೆಂದರೆ ಉಣ್ಣುವ ತಾಟು ಬಿಟ್ಟು ಏಳುವಷ್ಟು ಹುಮ್ಮಸ್ಸು. ಬದುವಿನ ಜಗಳವಿರಲಿ, ಅಣ್ಣತಮ್ಮಂದಿರ ಮುನಿಸಿರಲಿ, ಇಬ್ಬರನ್ನೂ ಕಟ್ಟೆಗೆ ಕರೆದು, ಬೈದು, ನಗಿಸಿ, ಕೊನೆಗೆ ಒಬ್ಬರ ಬಾಯಿಗೆ ಇನ್ನೊಬ್ಬರಿಂದ ಬೆಲ್ಲ ಇಡಿಸುವರು. ಬೆಲ್ಲ ನುಂಗಿದ ಮೇಲೆ ಆ ಮಾತು ಮತ್ತೆ ಎತ್ತುವಂತಿಲ್ಲ, ಅದು ಅವರ ಕಟ್ಟಳೆ. ಊರು ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಊರಿಗೇನೋ ಉಪಕಾರಿ, ಮನೆಯ ಸುದ್ದಿ ಕೇಳಿದವರು ಯಾರು?

ಹೋದ ವರ್ಷ ಆಳಂದದಲ್ಲಿ ಗೆಳೆಯ ದಾವಲಸಾಬ ಮಾಸ್ತರರ ಮಗಳು ಮೆಹನಾಜಳ ನಿಕಾಹ್. ಸಾಕ್ಷಿಗಳು ಎದ್ದು ಹುಡುಗಿಯ ಕೋಣೆಗೆ ಹೋದರು. ಅವರು ಬರುವತನಕ ಸಭೆಯೆಲ್ಲ ಸುಮ್ಮನೆ ಕಾಯಿತು.

"ಏನ್ ಕೇಳಾಕ ಹೋದ್ರು ಅವ್ರು, ಮಾಸ್ತರ?" ಎಂದರು ರಾಯರು.

"ರಾಜಿ ಇದ್ದೀಯೇನವ್ವಾ ಅಂತ್ರಿ. ಆಕಿ ಹೂಂ ಅನ್ನೂತನಕ ಮುಂದಿನ ಕೆಲಸ ಇಲ್ಲ."

"ರಾಜಿ ಅಂದ್ರ ಜಗಳ ಮುಗಿಸೂದಲ್ಲೇನ್ರಿ?"

"ಅರಬ್ಬರ ಮಾತ್ರಿ ಅದು. ಫಾರಸಿ, ಉರ್ದು ದಾಟಿ ನಮ್ಮ ಊರ ಕಟ್ಟೀಗಿ ಬಂದದ. ಮೂಲದಾಗ ಮನಸ್ಸು ಖುಷಿಲೆ ಒಪ್ಪೂದು ಅಂತ. ಜಗಳದ ಅರ್ಥ ಆಮ್ಯಾಲ ಸೇರಿದ್ದು."

ರಾಯರು ಕುಡಿಯುತ್ತಿದ್ದ ಶರಬತ್ತನ್ನು ಪಕ್ಕಕ್ಕೆ ಸರಿಸಿದರು; ತಂಗಿಯ ನೆನಪಾಗಿತ್ತು. ಮೂವತ್ತು ವರ್ಷದ ಹಿಂದೆ ತಂಗಿ ಸುಭದ್ರಾಬಾಯಿ ಗಂಡನ ಹೊಡೆತ ತಾಳದೆ ಗೊಬ್ಬೂರದಿಂದ ಓಡಿಬಂದಿದ್ದಳು. ನಾಲ್ಕೇ ದಿನಕ್ಕೆ ರಾಯರು ರಾಜಿ ಕೂಡಿಸಿದರು. ಗಂಡ ಬೆಲ್ಲ ಹಿಡಿದ, ಅವಳು ತುಟಿ ಬಿಗಿದಳು. ನಾಚಿಕೆಯೆಂದು ಹಿರಿಯರು ನಕ್ಕರು. ರಾಯರೇ ಅವಳ ಗಲ್ಲ ಒತ್ತಿ ಬೆಲ್ಲ ಬಾಯಿಗೆ ತುರುಕಿಸಿ, ಬಸ್ಸು ಹತ್ತಿಸಿದರು. ನಿನಗೆ ಮನಸ್ಸಿದೆಯೇನವ್ವಾ ಎಂದು ಕೇಳುವ ಬುದ್ಧಿ ಆ ಕಟ್ಟೆಯ ಮೇಲೆ ಒಬ್ಬನಿಗೂ ಬರಲಿಲ್ಲ, ಥೂ! ಅಂದಿನಿಂದ ಅವಳು ಪಂಚಮಿ ಹಬ್ಬಕ್ಕೂ ತವರಿಗೆ ಬಂದಿರಲಿಲ್ಲ. ದೂರು ಹೇಳಲಿಲ್ಲವೆಂದರೆ ಸುಖವಾಗಿ ಬಾಳಿದಳೆಂದೇ ರಾಯರು ನಂಬಿದ್ದರು.

ಮರುದಿನವೇ ಗೊಬ್ಬೂರಕ್ಕೆ ಹೋದರು. ಗಂಡ ತೀರಿ ಎರಡು ವರ್ಷವಾಗಿದ್ದ ತಂಗಿ ಜೋಳ ಕೇರುತ್ತ ಕೂತಿದ್ದಳು.

"ಸುಭದ್ರಾ, ಅವತ್ತ ನಿನಗ ಹೋಗೂ ಮನಸ್ಸಿತ್ತೇನು? ನಾ ಕೇಳಲೇ ಇಲ್ಲ."

ಅವಳು ಮೊರ ಕೆಳಗಿಟ್ಟಳು. "ಇರಲಿಲ್ಲ ಅಣ್ಣಾ."

"ನಂದ ತಪ್ಪಾತವ್ವ. ನನ್ನ ಮ್ಯಾಲಿನ ಸಿಟ್ಟ ಬಿಡು."

"ಸಿಟ್ಟಿದ್ರ ಎಂದೋ ಬಂದು ಜಗಳ ಆಡ್ತಿದ್ನಿ. ನಿನ್ನ ಮ್ಯಾಲಿನ ಆಸೇನ ಬಿಟ್ಟೇನಿ. ಕೂಡು, ಉಂಡು ಹೋಗಂತಿ."

ಅವಳು ರೊಟ್ಟಿ ಬಡಿಯಲು ಒಳಗೆ ಹೋದಳು. ಊರ ಜಗಳವನ್ನೆಲ್ಲ ಮುಗಿಸಿದ ರಾಯರಿಗೆ ಇಲ್ಲಿ ಮುಗಿಸಲು ಒಂದು ಜಗಳವೂ ಉಳಿದಿರಲಿಲ್ಲ.